ಅಲುಗಾಡದ ರೀಲು

ಮೊದಲೇ ಹೇಳಿಬಿಡುತ್ತೇನೆ, ಆ ಕಾಡಿನ ಚಿತ್ರದಲ್ಲಿ ನನ್ನ ಹೆಸರಿಲ್ಲ. ಹೋದ ತಿಂಗಳು ಕಾರವಾರದಲ್ಲಿ ತಂಬು ಹಾಕಿ ಅದನ್ನು ತೋರಿಸಿದಾಗ ನಮ್ಮ ಕೋಡಿಬಾಗದ ಅರ್ಧ ಊರು ಹೋಗಿ ನೋಡಿಬಂತು. ನೋಡಿದವರು ಸುಮ್ಮನೆ ಮನೆಗೆ ಹೋಗಿ ಗಂಜಿ ಕುಡಿದು ಮಲಗಬೇಕೋ ಬೇಡವೋ? ಒಬ್ಬೊಬ್ಬರಾಗಿ ನನ್ನ ಜಗಲಿಗೆ ಬಂದು, "ಎಂತಾ ತುಳಸಿದಾಸರೇ, ಎಲ್ಲರ ಹೆಸ್ರೂ ಬಂತು, ನಿಮ್ದೇ ಬರ್ಲಿಲ್ವಲ್ಲ?" ಎಂದು ಹಲ್ಲು ಕಿಸಿದರು. ಬರುವುದಿಲ್ಲ ಮಾರಾಯರೇ. ಬರಬಾರದೆಂದು ನಾನೇ ಈ ಬಲಗೈಯಿಂದ ತಪ್ಪಿಸಿದ್ದು. ಅದು ಹೇಗೆ ಎಂದು ಕೇಳುವ ತಾಳ್ಮೆ ಅವರಲ್ಲಿ ಒಬ್ಬನಿಗೂ ಇರಲಿಲ್ಲ. ನನ್ನ ಎಲೆಯಡಿಕೆ ಖಾಲಿ ಮಾಡಿ ಎದ್ದು ಹೋದರು.

ನಾನು ಕ್ಯಾಮೆರಾಮನ್. ಮೀಸೆ ಸರಿಯಾಗಿ ಮೂಡುವ ಮೊದಲೇ ಕಾರವಾರದ ಬಂದರಿನಲ್ಲಿ ಆಗಬೋಟು ಎಂಬ ಉಗಿಹಡಗು ಹತ್ತಿ ಮುಂಬಯಿಗೆ ಹೋದವನು. ಆಗ ಚಿತ್ರಗಳಿಗೆ ಮಾತು ಬಂದಿರಲಿಲ್ಲ. ಮೊದಲು ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಹೊತ್ತೆ, ಆಮೇಲೆ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದೆ, ಕೊನೆಗೆ ಹಿಡಿಕೆ ತಿರುಗಿಸುವ ಕೆಲಸ ಕೈಗೆ ಬಂತು. ಆ ಕ್ಯಾಮೆರಾಗಳಿಗೆ ಮೋಟಾರು ಇಲ್ಲ. ಪಕ್ಕದ ಹಿಡಿಕೆಯನ್ನು ಒಂದೇ ಗತಿಯಲ್ಲಿ ತಿರುಗಿಸುತ್ತಿರಬೇಕು. ಕೈ ಅವಸರ ಮಾಡಿದರೆ ಪರದೆಯ ಮೇಲೆ ಜನ ಆನೆಯಂತೆ ನಡೆಯುತ್ತಾರೆ, ಕೈ ಸೋತರೆ ಇಲಿಯಂತೆ ಓಡುತ್ತಾರೆ. ನನ್ನ ಕೈ ಅವಸರವನ್ನೂ ಮಾಡಲಿಲ್ಲ, ಸೋಲಲೂ ಇಲ್ಲ. ಹೆಡ್ ಕ್ಯಾಮೆರಾಮನ್ ಮಧ್ಯಾಹ್ನ ಉಂಡು ಗೊರಕೆ ಹೊಡೆಯುವಾಗ ಯುದ್ಧ, ಸ್ವಯಂವರ, ಹನುಮಂತನ ಹಾರಾಟ ಎಲ್ಲವನ್ನೂ ತೆಗೆದದ್ದು ನಾನು. ಪರದೆಯ ಮೇಲೆ ಹೆಸರು ಮಾತ್ರ ಅವನದೇ ಬರುತ್ತಿತ್ತು.

ಆಮೇಲೆ ಮಾತಿನ ಚಿತ್ರ ಬಂತು. ಕ್ಯಾಮೆರಾದ ಕಟಕಟ ಸದ್ದು ಮೈಕಿಗೆ ಕೇಳಬಾರದೆಂದು ಕ್ಯಾಮೆರಾವನ್ನೂ ಕ್ಯಾಮೆರಾಮನ್ನನ್ನೂ ಒಂದೇ ಕಪಾಟಿನೊಳಗೆ ತುಂಬಿ ಕದ ಮುಚ್ಚಿದರು. ಮುಂಬಯಿಯ ಸೆಕೆ ಬೇರೆ! ಭರಣಿಯಲ್ಲಿಟ್ಟು ಬಾಯಿ ಕಟ್ಟುವುದಕ್ಕೆ ನಾನೇನು ಉಪ್ಪಿನಕಾಯಿಯೇ? ಒಂದು ದಿನ ನಾಯಕಿ ಹಾಡುತ್ತಿರುವಾಗಲೇ ಕಪಾಟಿನ ಕದ ಒದ್ದು ಹೊರಗೆ ಬಂದೆ. ಕಂಪನಿಯವರು ಹಳೆಯ ಕೈ ತಿರುಗಿಸುವ ಕ್ಯಾಮೆರಾಗಳನ್ನು ಗುಜರಿಗೆ ಹಾಕುತ್ತಿದ್ದರು. ನನಗೆ ಬರಬೇಕಾಗಿದ್ದ ಸಂಬಳದ ಬದಲಿಗೆ ಅದರಲ್ಲಿ ಒಂದನ್ನು ಹೆಗಲಿಗೆ ಹಾಕಿಕೊಂಡು ಊರಿಗೆ ಮರಳಿದೆ.

ಅಂದಿನಿಂದ ನಾನು ಯಾರ ಆಳೂ ಅಲ್ಲ. ಮುಂಬಯಿಯ ಕಂಪನಿಗೆ ಸಮುದ್ರದ ಅಲೆ ಬೇಕಾದರೆ ನನಗೆ ತಂತಿ ಬರುತ್ತಿತ್ತು, ಶಿರಸಿಯ ಸಾಹುಕಾರನ ಮನೆಯ ಮದುವೆಗೆ ನನ್ನನ್ನೇ ಕರೆಯುತ್ತಾರೆ. "ಸ್ವತಂತ್ರ ಕ್ಯಾಮೆರಾಮನ್" ಎಂದು ನಾನು ಎದೆಯುಬ್ಬಿಸಿ ಹೇಳಿದರೆ ನನ್ನ ಹೆಂಡತಿ ಸುಗಂಧಾ ಒಳಗಿನಿಂದಲೇ, "ಅಂದ್ರೆ ಕೆಲ್ಸ ಇಲ್ಲದವ ಅಂತ, ಅಲ್ದಾ?" ಎನ್ನುತ್ತಾಳೆ. ಕ್ಯಾಮೆರಾಕ್ಕೆ ಅವಳಿಟ್ಟ ಹೆಸರು ಬೀಸುಕಲ್ಲು. ದಿನವಿಡೀ ತಿರುಗಿಸಿದರೂ ಹಿಟ್ಟು ಬೀಳದ ಬೀಸುಕಲ್ಲು.

ನಾಲ್ಕು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಆ ಹಂಗಾಮಿನ ಕೊನೆಯ ಆಗಬೋಟಿನಿಂದ ರಾಮನಾಥ ಇಳಿದ. ಕಾರವಾರದವನೇ, ನನ್ನ ಜೊತೆ ಶಾಲೆಗೆ ಹೋದವನು, ಲೆಕ್ಕದ ಪರೀಕ್ಷೆಯಲ್ಲಿ ನನ್ನ ಪಾಟಿ ನೋಡಿ ಬರೆದವನು. ಈಗ ಮುಂಬಯಿಯಲ್ಲಿ ಡೈರೆಕ್ಟರ್. ತಲೆಯ ಮೇಲೆ ಹ್ಯಾಟು, ಹಿಂದೆ ಗೋಣಿಚೀಲ ಹೊತ್ತ ಕೂಲಿಗಳು.

"ಅರೇ ದಾಸಾ, ಇಲ್ಲೇ ಕೊಳೀತಾ ಇದ್ದೀಯಲ್ಲೋ!" ಎಂದು ಬೆನ್ನಿಗೆ ಗುದ್ದಿ ಜಗಲಿಯ ಮೇಲೆ ಕೂತ. ಅವನು ಒಂದು ಕಾಡಿನ ಚಿತ್ರ ಮಾಡುತ್ತಿದ್ದ. ನಾಯಕಿ ಕಾಡಿನಲ್ಲಿ ದಾರಿ ತಪ್ಪುತ್ತಾಳೆ, ಕಾಡಿನ ಜನರ ಕೈಗೆ ಸಿಗುತ್ತಾಳೆ. ನಾಯಕಿಯ ಭಾಗವೆಲ್ಲ ಸ್ಟುಡಿಯೋದಲ್ಲಿ ಬಟ್ಟೆಯ ಮರಗಳ ಕೆಳಗೆ ಮುಗಿದಿತ್ತು. ಇನ್ನು ನಿಜವಾದ ಕಾಡು ಬೇಕು, ಜನ ಬೇಕು, ಕುಣಿತ ಬೇಕು. ಅವನ ಕ್ಯಾಮೆರಾಮನ್ ಜ್ವರ ಬಂದು ಮುಂಬಯಿಯಲ್ಲೇ ಮಲಗಿದ್ದ.

"ನೀ ತೆಗೆದು ಕೊಡು. ಚಿತ್ರದ ಶುರುವಿಗೆ ದೊಡ್ಡ ಅಕ್ಷರದಲ್ಲಿ, ಛಾಯಾಗ್ರಹಣ, ತುಳಸಿದಾಸ, ಕಾರವಾರ. ಅದನ್ನ ನೋಡಿದ್ಮೇಲೆ ಯಾವ ಕಂಪನಿ ನಿನ್ನ ಬಿಡ್ತದೆ ಹೇಳು?"

ಸುಳ್ಳು ಯಾಕೆ ಹೇಳಲಿ, ಆ ಒಂದು ಸಾಲಿಗಾಗಿ ನಾನು ಎಷ್ಟು ಬೇಸಿಗೆ ಉರಿದಿದ್ದೇನೆ! ಕಟ್ಟಿಕೊಂಡವಳಿಗೆ ಒಂದು ಸಲ ಕತ್ತಲೆಯಲ್ಲಿ ಪರದೆಯ ಮೇಲೆ ಬೆರಳು ಮಾಡಿ ತೋರಿಸಬೇಕೆಂಬ ಆಸೆ ಎಷ್ಟಿತ್ತೆಂದರೆ, ಅವನು ಮುಂದೆ ಏನು ಹೇಳಿದನೋ ಅರ್ಧ ಕಿವಿಗೇ ಬೀಳಲಿಲ್ಲ. "ಅಂಕೋಲೆಯ ಹಾಲಕ್ಕಿ ಹೆಂಗಸರ ಕುಣಿತ ಬೇಕು, ಅವರು ನಿನ್ನ ಮಾತು ಕೇಳ್ತಾರಂತೆ" ಎಂದದ್ದು ಕೇಳಿಸಿತು. ಹೂಂ ಎಂದೆ.

ಕೇಳುತ್ತಾರೆ, ನಿಜ. ನನ್ನ ತಾಯಿಯ ತವರು ಬಾಳೆಗುಳಿಯ ಹತ್ತಿರ. ಅಲ್ಲಿಯ ಹೊನ್ನಮ್ಮ ನನ್ನಜ್ಜಿಯ ಮನೆಗೆ ತರಕಾರಿ ತರುತ್ತಿದ್ದವಳು. ಸೌತೆಕಾಯಿಯ ಜೊತೆ ನನ್ನನ್ನೂ ಬುಟ್ಟಿಯಲ್ಲಿ ಕೂರಿಸಿಕೊಂಡು ತಿರುಗಿದವಳು ತಾನು ಎಂದು ಇವತ್ತಿಗೂ ನಾಲ್ಕು ಜನರೆದುರು ಹೇಳಿ ನನ್ನ ಮಾನ ಕಳೆಯುತ್ತಾಳೆ. ಅವಳ ಮಾತು ಕೇರಿಯಲ್ಲಿ ಯಾರೂ ಮೀರುವುದಿಲ್ಲ. ನಾನು ಹೋಗಿ ಚಿತ್ರದಲ್ಲಿ ಕುಣಿಯಬೇಕಂತೆ ಎಂದಾಗ ಅವಳು ಎಲೆಯಡಿಕೆಯ ಕವಳ ಉಗಿದು, "ಸುಗ್ಗಿ ಮುಗ್ದು ಎಷ್ಟು ದಿನ ಆಯ್ತು! ಈಗ ಎಂತಾ ಕುಣಿತ? ಆಗ್ಲಿ, ನೀ ಕೇಳ್ದೆ ಅಂತ ಬತ್ತೇವು" ಎಂದಳು.

ಮಾರನೆಯ ದಿನ ಮರ ತುಂಬಿದ ಹಾಡಿಯ ಅಂಚಿನ ಬಯಲಿಗೆ ಹತ್ತು ಹದಿನೈದು ಹೆಂಗಸರು ಬಂದರು. ಹೇಗೆ ಬಂದಿದ್ದರು ಅಂತೀರಿ! ಹೆಗಲ ಮೇಲೆ ಗಂಟು ಹಾಕಿ ಉಟ್ಟ ಸೀರೆ ಒಂದೊಂದೂ ಒಗೆದದ್ದು, ಎದೆ ತುಂಬ ತಿಕ್ಕಿ ತೊಳೆದ ಮಣಿಸರ, ಮುಡಿಯಲ್ಲಿ ಅಬ್ಬಲಿಗೆ ಹೂವು. ಹೊನ್ನಮ್ಮ ನಡುವೆ, ಪಕ್ಕದಲ್ಲಿ ಅವಳ ತಂಗಿ ಸೋಮಿ. ರಾಮನಾಥ ಹ್ಯಾಟು ಸರಿಮಾಡಿಕೊಂಡು, "ಶುರು!" ಎಂದ. ನಾನು ಹಿಡಿಕೆ ತಿರುಗಿಸಿದೆ. ಅಷ್ಟು ಹೊತ್ತು ಕಿಲಕಿಲ ಎನ್ನುತ್ತಿದ್ದ ಗುಂಪು ಒಮ್ಮೆಲೇ ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತುಬಿಟ್ಟಿತು.

"ಕುಣೀರಿ!" ಎಂದ ರಾಮನಾಥ. ಒಬ್ಬರೂ ಅಲುಗಲಿಲ್ಲ. ಅವನು ಕೈ ಬೀಸಿದ, ಕುಪ್ಪಳಿಸಿದ, ತಾನೇ ಎರಡು ಹೆಜ್ಜೆ ಕುಣಿದು ತೋರಿಸಿದ. ಹ್ಯಾಟು ಕೆಳಗೆ ಬಿತ್ತು. ಹೆಂಗಸರ ಕಣ್ಣು ಕ್ಯಾಮೆರಾದ ಗಾಜಿನ ಮೇಲೇ. ನಾನು ಹಿಡಿಕೆ ಬಿಟ್ಟ ಮರುಕ್ಷಣ ಎಲ್ಲರೂ ಉಸಿರು ಬಿಟ್ಟು ನಗತೊಡಗಿದರು. ಮತ್ತೆ ತಿರುಗಿಸಿದರೆ ಮತ್ತೆ ಕಂಬ! ಹೀಗೇ ಒಂದು ಡಬ್ಬಿ ಫಿಲ್ಮ್ ಮಣ್ಣುಪಾಲಾಯಿತು. ಅದಕ್ಕೂ ಮೊದಲು ಕಡಲು, ಕಾಡು ತೆಗೆಯುವುದರಲ್ಲಿ ಉಳಿದ ಡಬ್ಬಿಗಳು ಮುಗಿದಿದ್ದವು. ಕೈಯಲ್ಲಿ ಉಳಿದದ್ದು ಇನ್ನೊಂದೇ ಡಬ್ಬಿ.

"ಇವ್ರಿಗೆ ತಲೆ ಇದೆಯೇನೋ?" ಎಂದು ರಾಮನಾಥ ನನ್ನ ಮೇಲೆ ಹರಿಹಾಯ್ದ.

ತಲೆ ಇತ್ತು. ಅದಕ್ಕೇ ನಿಂತದ್ದು. ವಿಷಯ ನನಗೆ ಆಗ ನೆನಪಾಯಿತು. ಬಹಳ ವರ್ಷದ ಹಿಂದೆ ಒಬ್ಬ ಬಿಳಿ ಸಾಹೇಬ ಅಂಕೋಲೆಗೆ ಬಂದು ಈ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದಿದ್ದ. "ಅಲುಗಿದ್ರೆ ಮುಖ ಹೋಗ್ತದೆ" ಎಂದು ಜವಾನನ ಬಾಯಿಂದ ಹೇಳಿಸಿದ್ದ. ಎಲ್ಲರೂ ಉಸಿರು ಕಟ್ಟಿ ನಿಂತರು, ಸೋಮಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಸಾಹೇಬ ಆಮೇಲೆ ಕಳಿಸಿದ ಫೋಟೋ ಹೊನ್ನಮ್ಮನ ಮನೆಯ ಗೋಡೆಯ ಮೇಲಿದೆ. ಎಲ್ಲರಿಗೂ ಮುಖವಿದೆ. ಸೋಮಿಯ ಹೆಗಲ ಮೇಲೆ ಬೂದಿ ಒರೆಸಿದ ಹಾಗೆ ಒಂದು ಬಿಳಿಯ ಮಸುಕು ಅಷ್ಟೆ. ಅಂದಿನಿಂದ ಊರಿಗೆ ಅವಳು "ಮುಖ ಇಲ್ಲದ ಸೋಮಿ". ಸಂತೆಯಲ್ಲೂ ಅದೇ ಹೆಸರು, ಗದ್ದೆಯಲ್ಲೂ ಅದೇ. ಅವಳೂ ನಗುತ್ತಾಳೆ, ಆದರೆ ಅಕ್ಕನ ಮನೆಗೆ ಹೋದಾಗ ಆ ಗೋಡೆಯ ಕಡೆ ಮಾತ್ರ ತಿರುಗುವುದಿಲ್ಲ.

ಇದು ಅಂಥ ಫೋಟೋ ಅಲ್ಲ, ಇದರಲ್ಲಿ ಅಲುಗಿದರೆ ಅಲುಗಿದ್ದೇ ಕಾಣುತ್ತದೆ ಎಂದು ಬಾಯಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ಕೋಡಿಬಾಗಕ್ಕೆ ಹೋಗಿ ನನ್ನ ಸಣ್ಣ ಪ್ರೊಜೆಕ್ಟರನ್ನೂ ಕಾಳಿ ನದಿಯ ದೋಣಿಗಟ್ಟೆಯಲ್ಲಿ ತೆಗೆದಿದ್ದ ಒಂದು ರೀಲನ್ನೂ ತಂದೆ. ಸುಗಂಧಾ ತಾನೂ ಬರುತ್ತೇನೆಂದು ಗಾಡಿ ಹತ್ತಿದಳು. ನಡುಹಗಲಿನಲ್ಲಿ ಹೊನ್ನಮ್ಮನ ಮನೆಯ ಬಾಗಿಲು ಮುಚ್ಚಿ, ಸಂದಿಗೆಲ್ಲ ಕಂಬಳಿ ತುರುಕಿ, ಗೋಡೆಗೆ ನನ್ನ ಬಿಳಿ ಪಂಚೆ ಕಟ್ಟಿ ಗ್ಯಾಸ್ ದೀಪ ಹಚ್ಚಿದೆ. ಹುಲ್ಲಿನ ಮಾಡಿಗೆ ಬೆಂಕಿ ಹತ್ತೀತೆಂದು ಹೊನ್ನಮ್ಮ ನಾಲ್ಕು ಕೊಡ ನೀರು ತುಂಬಿಸಿ ಪಕ್ಕದಲ್ಲೇ ಇಟ್ಟುಕೊಂಡಳು.

ಪಂಚೆಯ ಮೇಲೆ ದೋಣಿ ಬಂತು. ಜನ ಇಳಿದರು. ಒಬ್ಬ ದಪ್ಪ ಗುಮಾಸ್ತ ಕೊಡೆ ಹಿಡಿದು ಕಾಲಿಡುವಾಗ ಜಾರಿ ಕೆಸರಿನಲ್ಲಿ ಕೂತ. "ಅಯ್ಯಯ್ಯೋ ಬಿದ್ದ!" ಎಂದು ಸೋಮಿ ಕಿರುಚಿದಳು. ಅವನನ್ನು ಮತ್ತೆ ಬೀಳಿಸು ಎಂದರು. ಬೀಳಿಸಿದೆ. ಆ ಬಡಪಾಯಿ ಅವತ್ತು ಎಷ್ಟು ಸಲ ಬಿದ್ದನೋ ದೇವರಿಗೇ ಗೊತ್ತು.

ನಗು ಮುಗಿದ ಮೇಲೆ ಹೊನ್ನಮ್ಮ ಕೇಳಿದಳು, "ಹಂಗಾದ್ರೆ ತಮಾ, ನಾವು ಎಂತಾ ಮಾಡ್ತೇವೋ ಅದೇ ಉಳೀತದೆ?"

"ಹೌದು."

"ಯಾರೆಲ್ಲ ನೋಡ್ತ್ರು?"

"ಮುಂಬೈ, ಪುಣೆ, ಹುಬ್ಬಳ್ಳಿ. ತಂಬು ಹೋದಲ್ಲೆಲ್ಲ."

"ನಮ್ಮನ್ನ ತೋರ್ಸಿ, ಇವ್ರು ಯಾರು ಅಂತ ಹೇಳ್ತ್ರು?"

ಅದು ನನಗೇ ಗೊತ್ತಿರಲಿಲ್ಲ. ಹೆಸರಿನ ಗುಂಗಿನಲ್ಲಿ ಕೇಳಿಯೇ ಇರಲಿಲ್ಲ. ಸುಗಂಧಾ ಕತ್ತಲಲ್ಲಿ ನನ್ನ ಕಡೆ ತಿರುಗಿ, "ಹೇಳ್ರಲ್ಲ" ಎಂದಳು. ಕೇಳಿ ಬರುತ್ತೇನೆ ಎಂದು ನೇರ ರಾಮನಾಥ ಇಳಿದುಕೊಂಡಿದ್ದ ಬಿಡಾರಕ್ಕೆ ಹೋದೆ.

ಅವನು ಗೋಣಿಚೀಲ ಬಿಚ್ಚಿ ಕೂತಿದ್ದ. ಒಂದರಲ್ಲಿ ಬೊಂಬಿನ ಈಟಿಗಳು, ಇನ್ನೊಂದರಲ್ಲಿ ಎಲುಬಿನ ಹಾರ, ಮೂಳೆಯಂತೆ ಕೆತ್ತಿದ ಕಟ್ಟಿಗೆಯ ತುಂಡು, ಒಂದು ಡಬ್ಬಿ ಕಪ್ಪು ಬಣ್ಣ. ಹೊರಗೆ ಇಬ್ಬರು ಆಳುಗಳು ಹಲಸಿನ ಹಸಿ ಸೊಪ್ಪು ಪೋಣಿಸಿ ಮೊಣಕಾಲ ಮೇಲೇ ನಿಲ್ಲುವ ಲಂಗ ಕಟ್ಟುತ್ತಿದ್ದರು.

"ಇದೆಂತದೋ?" ಎಂದೆ.

"ಅವ್ರ ಡ್ರೆಸ್ಸು. ಕಥೆಯಲ್ಲಿ ಅವ್ರು ಮನುಷ್ಯರನ್ನ ತಿನ್ನೋ ಜನ. ನಾಯಕಿಯನ್ನ ಕಟ್ಟಿ ಹಾಕಿ ಸುತ್ತ ಕುಣೀತಾರೆ, ಹಲ್ಲು ಕಚ್ತಾರೆ. ಆ ಸೀರೆ, ಮಣಿ ಎಲ್ಲಾ ತೆಗೆಸ್ಬೇಕು. ಮೈಗೆಲ್ಲ ಕಪ್ಪು."

ನನಗೆ ಮೈ ಉರಿದುಹೋಯಿತು. "ನಿನ್ನ ನಾಲಗೆಗೆ ಹುಳ ಬೀಳ! ಅವ್ರು ಬೆಳೆದ ಬದನೆ, ಬಸಳೆ ತಿಂದೇ ನೀ ಇಷ್ಟು ಎತ್ರ ಆದದ್ದು. ನಿನ್ನಜ್ಜಿ ಬಾಗ್ಲಲ್ಲಿ ಕೂತು ಅವ್ರ ಹತ್ರ ಚೌಕಾಶಿ ಮಾಡ್ತಿದ್ದದ್ದು ಮರ್ತು ಹೋಯ್ತಾ?"

ಅವನಿಗೆ ಸಿಟ್ಟೇ ಬರಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. "ಇದು ವೇಷ ಮಾರಾಯಾ. ಯಕ್ಷಗಾನದ ಆಟದಲ್ಲಿ ರಾಕ್ಷಸನ ವೇಷ ಕಟ್ಟಿದವ ರಾಕ್ಷಸ ಆಗ್ತಾನಾ? ಮುಂಬೈಯಲ್ಲಿ ಅಂಕೋಲೆ ಎಲ್ಲಿದೆ ಅಂತ ಯಾರಿಗೆ ಗೊತ್ತು? ನೋಡಿದವ ನಕ್ಕು ಮನೆಗೆ ಹೋಗ್ತಾನೆ. ನಿನ್ನ ಹೆಸರು ಮಾತ್ರ ಉಳೀತದೆ."

"ಆಟದ ರಾಕ್ಷಸ ಬೆಳಗಾದ್ರೆ ಬಣ್ಣ ಒರೆಸ್ಕೊಂಡು ಎಲ್ಲರ ಹಂಗೇ ಗಂಜಿ ಕುಡಿಯೂದು ಊರಿಗೆ ಕಾಣ್ತದೆ. ಇವ್ರ ಬಣ್ಣ ಯಾರು ಒರೆಸ್ತಾರೆ?" ಎಂದೆ. "ನಾ ಹೋಗಿ ಎಲ್ಲಾ ಇದ್ದದ್ದು ಇದ್ದ ಹಂಗೇ ಹೇಳ್ತೆ. ಮುಚ್ಚಿಡೂದಿಲ್ಲ."

"ಹೇಳು. ಒಪ್ಪಿಸೂದೂ ನೀನೇ" ಎಂದು ಅವನು ಸೊಪ್ಪಿನ ಲಂಗಗಳ ಕಟ್ಟನ್ನು ನನ್ನ ಹೆಗಲಿಗೆ ಏರಿಸಿದ.

ಹೊನ್ನಮ್ಮನ ಅಂಗಳದಲ್ಲಿ ಆ ಕಟ್ಟನ್ನು ಇಳಿಸಿ ಎಲ್ಲವನ್ನೂ ಹೇಳಿದೆ. ಮನುಷ್ಯರನ್ನು ತಿನ್ನುವವರು ಎಂಬುದನ್ನು ಹೇಳುವಾಗ ನನ್ನ ಧ್ವನಿ ನನಗೇ ಕೇಳದಷ್ಟು ಸಣ್ಣದಾಯಿತು. ಸೋಮಿ ಒಂದು ಲಂಗ ಎತ್ತಿ ಹಿಡಿದು ತಿರುಗಿಸಿ ನೋಡಿ, "ಅಕ್ಕಾ, ಇದ್ರಲ್ಲಿ ಎಲ್ಲಿ ಕಾಲು ಹಾಕೂದು, ಎಲ್ಲಿ ಮಾನ ಹಾಕೂದು?" ಎಂದಳು. ನಗು ಬರಲಿಲ್ಲ ಯಾರಿಗೂ.

"ಮಣಿಸರ ನಾವು ಮೀಯೂಕೂ ತೆಗೆಯೂದಿಲ್ಲ" ಎಂದಳು ಹೊನ್ನಮ್ಮ. ಆಮೇಲೆ ನನ್ನನ್ನು ನೋಡಿ, "ಇದ್ರಲ್ಲಿ ನಿಂಗೆ ಎಂತಾ ಸಿಕ್ತದೆ ತಮಾ?" ಎಂದು ಕೇಳಿದಳು.

"ಹೆಸ್ರು" ಎಂದೆ. "ಚಿತ್ರದ ಶುರುವಿಗೆ ನನ್ನ ಹೆಸ್ರು ಬರ್ತದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಬರ್ಲಿಲ್ಲ."

"ನಿಂಗೆ ಹೆಸ್ರು ಬೇಕು. ನಮ್ಗೆ ಮುಖ ಬೇಕು."

"ನೀವು ಬೇಡ ಅಂದ್ರೆ ನಾನು ಈಗ್ಲೇ ಹೋಗಿ ಅವನಿಗೆ ಗಂಟುಮೂಟೆ ಕಟ್ಟು ಅಂತೇನೆ."

ಅವಳು ಲಂಗಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು. "ನಾವು ಹೆದ್ರಿ ಬರ್ಲಿಲ್ಲ ಅಂತಾನೆ ಅಂವ. ಬೇಡ. ನಾಳೆ ಬತ್ತೇವು. ಲಂಗ ಇಲ್ಲೇ ಇಟ್ಟು ಹೋಗು" ಎಂದಳು. ಇನ್ನೇನು ಕೇಳಿದರೂ ಬಾಯಿ ಬಿಡಲಿಲ್ಲ. ಮರಳುವ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಒಪ್ಪಿಬಿಟ್ಟರೇ? ನನ್ನ ಮುಖ ನೋಡಿ ಒಪ್ಪಿದರೇ? ಸುಗಂಧಾ ಗಾಡಿಯಲ್ಲಿ ನನ್ನ ಕಡೆ ಬೆನ್ನು ಮಾಡಿ ಕೂತಳು, ಅದು ಬೈದದ್ದಕ್ಕಿಂತ ಕಷ್ಟ.

ಮಾರನೆಯ ದಿನ ಕಡಲಿನ ಕಡೆಯಿಂದ ಮೋಡ ಏರುತ್ತಿತ್ತು. ಉಳಿದ ಒಂದೇ ಡಬ್ಬಿ ಫಿಲ್ಮನ್ನು ಸುಗಂಧಾ ಹೊಲಿದುಕೊಟ್ಟ ಕಪ್ಪು ಚೀಲದೊಳಗೆ ಕೈ ಹಾಕಿ ಕ್ಯಾಮೆರಾಕ್ಕೆ ತುಂಬಿದೆ. ಹೊಸ ಫಿಲ್ಮ್ ಬರುವ ದಾರಿ ಇರಲಿಲ್ಲ. ಆಗಬೋಟು ನಿಂತಾಗಿತ್ತು, ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಘಟ್ಟ ಇಳಿಯುವುದರೊಳಗೆ ಮಳೆ ಹಿಡಿದುಬಿಡುತ್ತದೆ. ರಾಮನಾಥನಿಗೂ ಇದು ಗೊತ್ತಿತ್ತು. "ಇವತ್ತು ಒಂದು ಅಂಗುಲ ದಂಡ ಆಗ್ಬಾರ್ದು ದಾಸಾ" ಎಂದು ನೂರು ಸಲ ಹೇಳಿದ.

ಹೆಂಗಸರು ಬಂದರು. ಅದೇ ಒಗೆದ ಸೀರೆ, ಅದೇ ಮಣಿಸರ, ಹೊಸ ಅಬ್ಬಲಿಗೆ. ಸೊಪ್ಪಿನ ಲಂಗ ಒಬ್ಬರ ಮೈಮೇಲೂ ಇಲ್ಲ.

"ಲಂಗ ಎಲ್ಲಿ?" ಎಂದ ರಾಮನಾಥ.

"ಎಮ್ಮೆ ತಿಂತು" ಎಂದಳು ಹೊನ್ನಮ್ಮ. "ಹಲಸಿನ ಸೊಪ್ಪು ಅಂದ್ರೆ ಅದ್ಕೆ ಜೀವ. ಇನ್ನೂ ಇದ್ರೆ ಕೊಡಿ ಒಡೆಯಾ, ಕರುವಿಗೂ ಆಯ್ತು."

ನನಗೆ ಬಂದ ನಗುವನ್ನು ಕ್ಯಾಮೆರಾದ ಹಿಂದೆ ನುಂಗಿಕೊಂಡೆ. ರಾಮನಾಥನ ಮುಖ ಕೆಂಪಾಯಿತು, ಆದರೆ ಮೋಡ ನೋಡಿ ಸಿಟ್ಟು ನುಂಗಿದ. "ಹಾಳಾಗ್ಲಿ, ಸೀರೆಯಲ್ಲೇ ಕುಣೀಲಿ. ಹಲ್ಲು ಕಚ್ಚಿ ಕೂಗಿದ್ರೆ ಸಾಕು. ಈಟಿ ಕೊಡ್ರೋ. ಶುರು!"

ಹಿಡಿಕೆ ತಿರುಗಿಸಿದೆ. ಆಳುಗಳು ಚಾಚಿದ ಈಟಿಗಳನ್ನು ಯಾರೂ ಮುಟ್ಟಲಿಲ್ಲ. ಹದಿನೈದು ಜನ ಹೆಗಲಿಗೆ ಹೆಗಲು ಕೊಟ್ಟು, ಗದ್ದ ಎತ್ತಿ, ನೇರ ಗಾಜಿನೊಳಗೆ ನೋಡುತ್ತ ನಿಂತರು.

"ಅಯ್ಯೋ, ಇದು ಫೋಟೋ ಅಲ್ಲ ಅಂತ ಹೇಳ್ಲಿಲ್ವೇನೋ?" ಎಂದು ರಾಮನಾಥ ನನ್ನ ಕಡೆ ಕೂಗಿ, ಅವರ ಕಡೆ ತಿರುಗಿ, "ಇದು ಫೋಟೋ ಅಲ್ಲ! ಅಲುಗಿದ್ರೆ ಏನೂ ಆಗೂದಿಲ್ಲ! ಕುಣೀರಿ!" ಎಂದ.

ಹೊನ್ನಮ್ಮ ತುಟಿ ಮಾತ್ರ ಅಲುಗಿಸಿದಳು. "ಗೊತ್ತುಂಟು" ಎಂದಳು.

ಆಗ ನನಗೆ ಗೊತ್ತಾಯಿತು. ಮೊದಲ ದಿನ ಅಲುಗಿದರೆ ಮುಖ ಹೋಗುತ್ತದೆಂದು ತಪ್ಪು ತಿಳಿದು ನಿಂತವರು, ಇವತ್ತು ಅಲುಗಿದರೆ ಮುಖ ಹೋಗುತ್ತದೆಂದು ಸರಿಯಾಗಿ ತಿಳಿದೇ ನಿಂತಿದ್ದರು. ನನ್ನ ಹಿಡಿಕೆ ಒಂದೇ ಗತಿಯಲ್ಲಿ ತಿರುಗುತ್ತಿತ್ತು.

ರಾಮನಾಥ ದಡಬಡಿಸಿ ಬಂದು ನನ್ನ ಕಿವಿಯ ಹತ್ತಿರ ಬಾಗಿದ. "ನಿಲ್ಸು ದಾಸಾ. ಅರ್ಧ ಫಿಲ್ಮ್ ಉಳೀಲಿ. ನಾಳೆ ಬೆಳಿಗ್ಗೆ ಇವ್ರು ಹಳ್ಳಕ್ಕೆ ಮೀಯೂಕೆ ಹೋಗ್ತಾರಲ್ಲ, ನೀ ಬಿದಿರು ಹಿಂಡಿನ ಮರೆಗೆ ಕ್ಯಾಮೆರಾ ಇಟ್ಕೋ. ನಿನ್ನ ಹತ್ರ ದೂರದ್ದು ಕಾಣೂ ಲೆನ್ಸ್ ಇದೆ. ಇವ್ರಿಗೆ ಗೊತ್ತೂ ಆಗೂದಿಲ್ಲ. ಡೋಲಿನ ಸದ್ದು ಸೇರ್ಸಿದ್ರೆ ಅದೇ ಕಾಡುಜನ. ನಿನ್ನ ಹೆಸ್ರು ಎಲ್ಲಕ್ಕಿಂತ ಮೊದ್ಲು, ನಾಯಕಿಗಿಂತ್ಲೂ ಮೊದ್ಲು. ದೇವರಾಣೆ."

ಅವನು ಸುಳ್ಳು ಹೇಳುತ್ತಿರಲಿಲ್ಲ, ಕೊಡುತ್ತಿದ್ದ. ಆ ಸಾಲು ನನ್ನ ಕಣ್ಣೆದುರು ಬಂದು ನಿಂತಿತು, ಕಪ್ಪಿನ ಮೇಲೆ ಬಿಳಿ ಅಕ್ಷರ. ಕ್ಯಾಮೆರಾದೊಳಗಿದ್ದದ್ದು ಕೊನೆಯ ಫಿಲ್ಮ್. ನಾನು ಕೈ ನಿಲ್ಲಿಸಿದರೆ ನಾಳೆಗೆ ಉಳಿಯುತ್ತದೆ. ನಾನಲ್ಲದಿದ್ದರೂ ಅವನು 'ಶುರು' ಎಂದು ಹೇಳಿ ಇನ್ಯಾವನ ಕೈಯಿಂದಾದರೂ ತಿರುಗಿಸಿಯಾನು. ನಾನು ಕೈ ನಿಲ್ಲಿಸದಿದ್ದರೆ, ಹಳ್ಳದ ಹತ್ತಿರ ಹೋಗುವುದಕ್ಕೆ ಈ ಮಳೆಗಾಲದಲ್ಲಿ ಯಾವ ಮಗನ ಹತ್ತಿರವೂ ಒಂದು ಅಂಗುಲ ಫಿಲ್ಮ್ ಇರುವುದಿಲ್ಲ.

"ನಿಲ್ಸು ಅಂದೆ!"

"ಕೈ ನಂದು" ಎಂದೆ.

"ಫಿಲ್ಮ್ ನಂದು!"

"ಹೌದು, ನಿಂದೇ. ಚೆನ್ನಾಗಿ ಬರ್ತಾ ಇದೆ, ಅಡ್ಡ ಬರ್ಬೇಡ."

ಅವನು ನನ್ನ ತೋಳು ಹಿಡಿದು ಎಳೆದ. ಎಡಗೈಯಿಂದ ಅವನ ಹ್ಯಾಟು ಕಿತ್ತು ದೂರ ಎಸೆದೆ. ಮುಂಬಯಿಯ ಡೈರೆಕ್ಟರ್ ಹ್ಯಾಟಿನ ಹಿಂದೆ ಓಡಿದ. ಬಲಗೈ ಗತಿ ತಪ್ಪಲಿಲ್ಲ. ಹುಡುಗನಾಗಿದ್ದಾಗ ಕೇಳಿದ ಭಾಗವತರ ತಾಳವನ್ನು ಹಲ್ಲಿನೊಳಗೇ ಹಾಕಿಕೊಳ್ಳುತ್ತ ತಿರುಗಿಸಿದೆ. ಆಗ ನೋಡುತ್ತೇನೆ, ಒಂದು ಕೆಂಪಿರುವೆ ಸೋಮಿಯ ಕುತ್ತಿಗೆಯ ಮೇಲೆ ಹತ್ತುತ್ತಿದೆ. ಮಣಿಸರ ದಾಟಿತು, ಗದ್ದಕ್ಕೆ ಬಂತು, ಕೆನ್ನೆಗೆ ಬಂದು ಕಚ್ಚಿತು. ಈ ಸೋಮಿ ಗಾಳಿ ಬೀಸಿದರೂ ನಗುವವಳು. ಈಗ ಕೈ ಎತ್ತುತ್ತಾಳೆ, ಈಗ ಮುಖ ಕಿವುಚುತ್ತಾಳೆ ಎಂದುಕೊಂಡೆ. ಅವಳ ಕಣ್ಣಿನಲ್ಲಿ ನೀರು ತುಂಬಿತು. ರೆಪ್ಪೆ ಸಹ ಬಡಿಯಲಿಲ್ಲ.

ಕೊನೆಗೆ ಕ್ಯಾಮೆರಾದೊಳಗೆ ಫಿಲ್ಮಿನ ಬಾಲ ಚಟಚಟ ಎಂದು ಬಡಿಯಿತು. ಮುಗಿದಿತ್ತು. ಹಿಡಿಕೆ ಬಿಟ್ಟು, "ಆಯ್ತು ಹೊನ್ನಮ್ಮಾ" ಎಂದೆ. ಹದಿನೈದು ಜನ ಒಟ್ಟಿಗೆ ಉಸಿರು ಬಿಟ್ಟರು. ಸೋಮಿ ಇರುವೆ ಕಿತ್ತು ಅದರ ಕುಲಕ್ಕೆಲ್ಲ ಶಾಪ ಹಾಕಿದಳು.

ರಾಮನಾಥ ಧೂಳು ಮೆತ್ತಿದ ಹ್ಯಾಟು ಹಿಡಿದು ಬಂದ. ಅವನು ಅಂದ ಮಾತುಗಳನ್ನು ಇಲ್ಲಿ ಹೇಳುವುದಿಲ್ಲ, ಸುಗಂಧಾ ಒಳಗಿನಿಂದ ಕೇಳುತ್ತಿದ್ದಾಳೆ. ಈ ಜನ್ಮದಲ್ಲಿ ಮುಂಬಯಿಯ ಯಾವ ಕಂಪನಿಯ ಬಾಗಿಲೂ ನನಗೆ ತೆರೆಯದ ಹಾಗೆ ಮಾಡುತ್ತೇನೆ ಎಂದ. ಮಾಡು ಎಂದೆ. ನಾನು ಫಿಲ್ಮನ್ನು ಡಬ್ಬಿಗೆ ಹಾಕಿ ಚಾಚಿದರೆ ಅದನ್ನು ನನ್ನ ಕಾಲ ಬುಡಕ್ಕೇ ಎಸೆದು, "ಇಟ್ಕೋ ನಿನ್ನ ಕಲ್ಲುಕಂಬಗಳನ್ನ!" ಎಂದು ಹೊರಟುಹೋದ. ಮೊದಲ ಹನಿ ಅವನ ಗಾಡಿ ಬಾಳೆಗುಳಿ ದಾಟುವುದರೊಳಗೆ ಬಿತ್ತಂತೆ.

ಹೇಳಿದಂತೆ ಮಾಡಿದ. ಅಂದಿನಿಂದ ಮುಂಬಯಿಯ ತಂತಿ ಬರುವುದು ನಿಂತಿತು, ಕಡಲಿನ ಅಲೆಗೂ ನಾನು ಬೇಡವಾದೆ. ನನಗೇನು! ಮದುವೆಗಳಿವೆ, ಯಕ್ಷಗಾನ ಮೇಳಗಳಿವೆ, ದೋಣಿಗಟ್ಟೆಯಲ್ಲಿ ಜಾರಿ ಬೀಳುವ ಗುಮಾಸ್ತರಿದ್ದಾರೆ. ಬೀಸುಕಲ್ಲು ತುಕ್ಕು ಹಿಡಿದಿಲ್ಲ. ರಾಮನಾಥ ಸ್ಟುಡಿಯೋದಲ್ಲೇ ಯಾರಿಗೋ ಬಣ್ಣ ಬಳಿದು ಕುಣಿಸಿ ಚಿತ್ರ ಮುಗಿಸಿದ. ಅದನ್ನೇ ಹೋದ ತಿಂಗಳು ನಮ್ಮೂರವರು ನೋಡಿಬಂದದ್ದು.

ಆ ರೀಲು? ಕೋಡಿಬಾಗದ ಬಾವಿಗಳಿಗೆ ಉಪ್ಪುನೀರು ನುಗ್ಗುತ್ತದೆ, ಫಿಲ್ಮ್ ತೊಳೆದರೆ ಕಲೆ ಉಳಿಯುತ್ತದೆ. ಹೊನ್ನಮ್ಮನ ಬಾವಿಯ ನೀರು ಸಿಹಿ. ಅವಳ ಹಿತ್ತಿಲ ಕೊಟ್ಟಿಗೆಯಲ್ಲಿ ಕೆಂಪು ದೀಪ ಇಟ್ಟುಕೊಂಡು ತೊಳೆದೆ, ಲಂಗ ತಿಂದ ಎಮ್ಮೆ ಪಕ್ಕದಲ್ಲೇ ಮೆಲುಕು ಹಾಕುತ್ತಿತ್ತು. ಮಳೆ ಮುಗಿದು ಆಗಬೋಟು ಶುರುವಾದ ಮೇಲೆ ಬೇರೆ ಫಿಲ್ಮ್ ತರಿಸಿ ಅದರ ಪ್ರಿಂಟ್ ಮಾಡಿದೆ. ಕೊಯ್ಲಿನ ನಡುವೆ ಒಂದು ಮಧ್ಯಾಹ್ನ ಮತ್ತೆ ಅದೇ ಮನೆಯ ಬಾಗಿಲು ಮುಚ್ಚಿ, ಅದೇ ಪಂಚೆ ಕಟ್ಟಿದೆ. ನಾಲ್ಕು ಕೊಡ ನೀರೂ ಬಂತು.

ದೀಪ ಹತ್ತಿತು. ಪಂಚೆಯ ಮೇಲೆ ಅವರು ನಿಂತರು. ಗಾಳಿಗೆ ಸೀರೆಯ ಸೆರಗು ಅಲುಗುತ್ತಿತ್ತು, ಹಿಂದೆ ಹಾಡಿಯ ಮರಗಳು ತೂಗುತ್ತಿದ್ದವು, ಮೋಡ ಏರುತ್ತಿತ್ತು. ಅವರು ಅಲುಗಲಿಲ್ಲ. ಗುಮಾಸ್ತನಿಗೆ ಬಿದ್ದು ಬಿದ್ದು ನಕ್ಕವರು ತಮ್ಮನ್ನು ತಾವು ನೋಡುತ್ತ ಗರ ಬಡಿದ ಹಾಗೆ ಕೂತಿದ್ದರು.

ಸೋಮಿ ಎದ್ದಳು. ಮೆಲ್ಲನೆ ಪಂಚೆಯ ಹತ್ತಿರ ಹೋಗಿ, ತನ್ನ ನೆರಳು ಬೀಳದ ಹಾಗೆ ಬದಿಗೆ ನಿಂತು, ಕೈ ಚಾಚಿ ಹೊನ್ನಮ್ಮನ ಪಕ್ಕದ ಮುಖವನ್ನು ಮುಟ್ಟಿದಳು. ಕೆನ್ನೆಯ ಮೇಲೆ ಇರುವೆ ಕೂಡ ಕಾಣುತ್ತಿತ್ತು.

"ಅಕ್ಕಾ, ನನ್ನ ಮುಖ" ಎಂದಳು. "ನಾನೇ, ಅಲ್ದಾ? ಇದು ನಾನೇ."

ಹೊನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಗೆ ಹೋಗಿ ಸಾಹೇಬನ ಫೋಟೋವನ್ನು ಮೊಳೆಯಿಂದ ಇಳಿಸಿ, ಮಗುಚಿ ನೆಲಕ್ಕಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ತಮಾ, ಇದ್ರಲ್ಲಿ ನಿನ್ನ ಹೆಸ್ರು ಎಲ್ಲಿ?"

"ಇಲ್ಲ ಹೊನ್ನಮ್ಮಾ. ಇದ್ರಲ್ಲೂ ಇಲ್ಲ."

"ಹೆಸ್ರು ಇದ್ರೂ ನಮ್ಗೆ ಓದೂಕೆ ಬರ್ತದೆಯಾ? ನೀ ಅಲ್ಲಿ ಹೋಗಿ ನಿಲ್ಲು. ನೋಡಿದವ್ರಿಗೆ ಗೊತ್ತಾಗ್ಲಿ, ಯಾರು ತೆಗ್ದದ್ದು ಅಂತ."

ಬೇಡ ಎಂದೆ. ಬಿಡಲಿಲ್ಲ. ಸುಗಂಧಾ ಪ್ರೊಜೆಕ್ಟರಿನ ಹಿಡಿಕೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, "ಹೋಗ್ರಲ್ಲ, ನಾ ಬೀಸ್ತೇನೆ" ಎಂದು ತಳ್ಳಿದಳು. ಹೋಗಿ ಪಂಚೆಯ ಅಂಚಿಗೆ, ಸಾಲಿನ ಕೊನೆಯವಳ ಪಕ್ಕದಲ್ಲಿ ನಿಂತೆ. ದೀಪದ ಬೆಳಕು ಕಣ್ಣಿಗೆ ಹೊಡೆಯಿತು. ಇಷ್ಟು ವರ್ಷ ಕ್ಯಾಮೆರಾದ ಹಿಂದಿದ್ದವನಿಗೆ ಕೈ ಎಲ್ಲಿಡಬೇಕೆಂದೂ ತಿಳಿಯಲಿಲ್ಲ. ಕಣ್ಣು ತುಂಬಿತು, ಮುಖ ಆಚೆ ತಿರುಗಿಸಹೊರಟೆ.

"ಅಲುಗಬೇಡ ತಮಾ!" ಎಂದು ಸೋಮಿ ಕತ್ತಲಿನಿಂದ ಗದರಿದಳು. "ಅಲುಗಿದ್ರೆ ಮುಖ ಹೋಗ್ತದೆ."

ನಾನು ಗದ್ದ ಎತ್ತಿ ನಿಂತೆ.